ಮಣ್ಣಿಗಿಟ್ಟ ಕಂಬಳಿ

ಚಿತ್ರದುರ್ಗ
9 ಸೆಪ್ಟೆಂಬರ್ 2025, ಮಂಗಳವಾರ

ಪ್ರೀತಿಯ ಹರೀಶ,

ಈ ಕಾಗದವನ್ನು ನೀನು ಒಂದೇ ಕೈಯಲ್ಲಿ ಬಿಡಿಸಿರುತ್ತೀಯ. ಇನ್ನೊಂದು ಕೈ ಇನ್ನೂ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲೇ ಇದೆ ಎಂದುಕೊಂಡಿದ್ದೇನೆ. ಭುಜದ ನೋವು ಹೇಗಿದೆ? ಡಾಕ್ಟರು ಹೂಂ ಅನ್ನುವವರೆಗೂ ಕಂಬದ ಕಡೆ ತಲೆ ಹಾಕಬೇಡ. ಕರೆಂಟು ಹೋದರೆ ಹೊಸದುರ್ಗದವರು ಸ್ವಲ್ಪ ಹೊತ್ತು ಕತ್ತಲೆಯಲ್ಲಿರಲಿ, ಏನೂ ಆಗುವುದಿಲ್ಲ.

ಫೋನು ಇರುವಾಗ ಅಕ್ಕ ಕಾಗದ ಬರೆದಿದ್ದಾಳೆ ಎಂದು ನಗಬೇಡ. ಫೋನಿನಲ್ಲಿ ನಿನ್ನ ಧ್ವನಿ ಕೇಳಿದ ಕೂಡಲೇ ನನಗೆ ಮಾತು ತಪ್ಪಿಹೋಗುತ್ತದೆ. ಮೊನ್ನೆ ಭಾನುವಾರವೂ ಹಾಗೇ ಆಯಿತು. ಹೇಳಬೇಕೆಂದುಕೊಂಡದ್ದೇ ಒಂದು, ಹೇಳಿದ್ದು ವಿಜಾಪುರದ ಬಸ್ಸಿನ ಸಮಯ. ಅವ್ವನ ಮೊಣಕಾಲು ಹಿಡಿದಿರುವಾಗ ಗೋಳಗುಮ್ಮಟ ಯಾಕೆ, ಬೇಕಾದರೆ ನಮ್ಮ ಕೋಟೆಯನ್ನೇ ಇನ್ನೊಂದು ಸಲ ತೋರಿಸು ಎಂದು ನೀನು ಬೈದೆ. ಬೈಸಿಕೊಂಡು ಸುಮ್ಮನಾದೆ. ಅದಕ್ಕೇ ಈ ಕಾಗದ. ನಮ್ಮ ಕಾಲೇಜಿನ ಗುಮಾಸ್ತರು ಚಿತ್ರಲಿಂಗಪ್ಪ ದಿನಾ ಹೊಸದುರ್ಗದಿಂದ ಓಡಾಡುವವರು, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅನುಷಾ ಎದುರಿಗಿದ್ದರೆ ಈಗಲೇ ಓದಬೇಡ, ಹೆಂಡತಿಗೂ ತಿಳಿಯದ ಹಾಗೆ ಹಿತ್ತಲಿಗೆ ಹೋಗಿ ಓದು.

ಮೊದಲು ಪ್ರವಾಸದ ವಿಷಯ ಹೇಳಿಬಿಡುತ್ತೇನೆ, ಅದನ್ನು ಹೇಳುವುದು ಸುಲಭ. ಈ ಎರಡನೇ ಶನಿವಾರ ಬೆಳಿಗ್ಗೆ ಹೊರಡುವುದು, ಭಾನುವಾರ ಸಂಜೆ ಹಿಂದಿರುಗುವುದು. ಅವ್ವ, ನಾನು, ನಿಮ್ಮ ಭಾವ. ಬಸ್ಸಿನಲ್ಲಿ ಅವ್ವನಿಗೂ ನನಗೂ ಟಿಕೆಟ್ಟಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ನಿಮ್ಮ ಭಾವನಿಗೆ ಮಾತ್ರ ಟಿಕೆಟ್ಟು. ಚರಿತ್ರೆ ಮೇಷ್ಟ್ರಿಗಾದರೂ ವಿನಾಯಿತಿ ಇರಬೇಕಿತ್ತು ಎಂದು ಅವರ ತಮಾಷೆ. ಧರ್ಮಪುರದ ಹೈಸ್ಕೂಲಿನಲ್ಲಿ ವಾರವೆಲ್ಲ ಪಾಠ ಮಾಡಿ ಬಂದರೂ ಅವರಿಗೆ ಸಾಲದು. ಭಾನುವಾರ ಊಟದ ತಟ್ಟೆಯ ಮುಂದೆ ಅವ್ವನನ್ನು ಕೂರಿಸಿಕೊಂಡು ಗೋಳಗುಮ್ಮಟದ ಪಾಠ ಮಾಡಿದರು. ಮಧ್ಯೆ ಒಂದೂ ಕಂಬವಿಲ್ಲದೆ ಅಷ್ಟು ದೊಡ್ಡ ಗುಮ್ಮಟ ನಿಂತಿದೆಯಂತೆ. ಮೇಲಿನ ಸುತ್ತುಗಟ್ಟೆಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೇಳಿದ ಮಾತು ಆಚೆ ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳಿಸುತ್ತದಂತೆ, ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರಳಿ ಬರುತ್ತದಂತೆ.

ಅವ್ವ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು. ಅಲ್ಲಿ ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳುತ್ತದೆಯೇ ಎಂದು ಎರಡು ಸಲ ಕೇಳಿದಳು. ಹೌದು ಎಂದರು ನಿಮ್ಮ ಭಾವ, ಖುಷಿಯಿಂದ.

"ಹಂಗಾರೆ ನಾನು ಮೇಲಕ್ಕೆ ಬರಲ್ಲಪ್ಪ. ಕೆಳಗೇ ಇರ್ತೀನಿ. ನೀವು ಹೋಗಿ ಕೂಗ್ಯಾಡ್ಕಂಡು ಬರ್ರಿ" ಎಂದಳು.

ಮೊಣಕಾಲಿನ ಕಾರಣಕ್ಕೆ ಹಾಗಂದಳು ಎಂದು ಅವರು ತಿಳಿದುಕೊಂಡರು. ನಾನು ಎದ್ದು ಅಡುಗೆಮನೆಗೆ ಹೋದೆ.

ಇಲ್ಲಿಗೇ ನಿಲ್ಲಿಸಿ, ವಿಜಾಪುರದಿಂದ ನಿನಗೇನು ತರಲಿ ಎಂದು ಬರೆದು ಮುಗಿಸಿಬಿಡೋಣ ಅನ್ನಿಸುತ್ತಿದೆ. ಒಂದು ಹಾಳೆ ಹಾಗೆ ಬರೆದೂ ಇದ್ದೆ, ಹರಿದುಹಾಕಿದೆ. ಕೇಳು.

ನಮ್ಮ ಕೆಳಗಿನ ಮನೆಯ ಕಾವ್ಯಶ್ರೀ ನಿನಗೆ ಗೊತ್ತಲ್ಲ, ಬಟ್ಟೆ ಹೊಲಿಯುವವಳು. ಬಸ್ಸು ಪುಕ್ಕಟೆಯಾದಾಗಿನಿಂದ ಅವಳೂ ಅವಳ ಗೆಳತಿಯರೂ ರಾಜ್ಯದ ಮೂಲೆ ಮೂಲೆ ಸುತ್ತುತ್ತಿದ್ದಾರೆ. ಕಳೆದ ತಿಂಗಳು ವಿಜಾಪುರಕ್ಕೆ ಹೋಗಿದ್ದರು. ಬಂದವಳು ಫೋನಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸಲು ಮೇಲೆ ಬಂದಳು. ಅವ್ವ ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡುತ್ತಿದ್ದಳು. ಇಬ್ರಾಹಿಂ ರೋಜಾ ಎಂಬ ಕಟ್ಟಡದ ಹೊರಗೆ, ಬೇವಿನ ಮರದ ಕೆಳಗೆ ನಿಂತು ತೆಗೆಸಿಕೊಂಡ ಚಿತ್ರ ಒಂದಿತ್ತು. ಹೆಂಗಸರೆಲ್ಲ ಸಾಲಾಗಿ ನಗುತ್ತಿದ್ದಾರೆ. ಅವರ ಹಿಂದೆ, ದೂರದಲ್ಲಿ, ನಾಲ್ಕಾರು ಕುರಿ ಮೇಕೆಗಳು. ಅವುಗಳ ಪಕ್ಕ ಒಬ್ಬ ಮುದುಕ.

ಮುಖ ಕಾಣುವುದಿಲ್ಲ ಹರೀಶ. ಇದನ್ನು ನಾನು ನಿನಗೆ ಒತ್ತಿ ಹೇಳುತ್ತೇನೆ, ಮುಖ ಮಸುಕಾಗಿದೆ. ಆದರೆ ಅವನು ಒಂಟಿ ಕಾಲಲ್ಲಿ ನಿಂತಿದ್ದ. ಇನ್ನೊಂದು ಪಾದವನ್ನು ಮೊಣಕಾಲಿಗೆ ಊರಿ, ಕೋಲನ್ನು ಎದೆಗೆ ಆನಿಸಿ, ಕೋಲಿನ ತುದಿ ಹಿಡಿದ ಕೈಮೇಲೆ ಗದ್ದ ಇಟ್ಟು. ಕುರಿ ಕಾಯುವವರು ಬೇಕಾದಷ್ಟು ಜನ ಹಾಗೆ ನಿಲ್ಲುತ್ತಾರೆ. ಆದರೆ ಎಡಗಾಲ ಮೇಲೆ ನಿಂತು, ತಲೆಯನ್ನು ಇಷ್ಟೇ ಬಲಕ್ಕೆ ವಾಲಿಸಿ, ದೂರದ ಯಾರದೋ ಮಾತು ಕೇಳುತ್ತಿರುವ ಹಾಗೆ ನಿಲ್ಲುವವರು?

ಅವ್ವ ಫೋನನ್ನು ಕಾವ್ಯಶ್ರೀಗೆ ವಾಪಸು ಕೊಟ್ಟು, ಚೆನ್ನಾಗವೆ ಕಣವ್ವ ಚಿತ್ರ, ಎಂದಳು. ಒಳಗೆ ಹೋಗಿ ದೇವರ ಮುಂದೆ ಕುಳಿತುಕೊಂಡಳು. ಸ್ವಲ್ಪ ಹೊತ್ತಿಗೆ ಅನುಷಾಳ ಫೋನು ಬಂತು. ಹೊಳಲ್ಕೆರೆ ರಸ್ತೆಯ ಕಂಬದ ಹತ್ತಿರ ಏಣಿ ಜಾರಿ ನೀನು ಬಿದ್ದಿದ್ದೀಯ ಎಂದು.

ಅಪ್ಪನ ಹಳೆಯ ಕಥೆಯನ್ನು ನಿನಗೆ ನಾನು ಬರೆಯಬೇಕಾಗಿಲ್ಲ, ಎಲ್ಲ ನಿನಗೆ ಗೊತ್ತು. ಆದರೂ ಬರೆಯುತ್ತೇನೆ. ಗೊತ್ತಿರುವುದನ್ನೇ ಮತ್ತೊಮ್ಮೆ ಒಪ್ಪವಾಗಿ ಬರೆದರೆ ಹೆದರಿಕೆ ಸ್ವಲ್ಪ ಇಳಿಯುತ್ತದೇನೋ ಎಂಬ ಆಸೆ ನನಗೆ.

ನಾವಿನ್ನೂ ಚಿಕ್ಕವರಿದ್ದ ಆ ವರ್ಷ ಅಪ್ಪ ಬೋರಯ್ಯ ಮಾವನ ಜೊತೆ ಕುರಿ ಹೊಡೆದುಕೊಂಡು ತುಂಗಭದ್ರೆ ದಾಟಿ ಹೋಗಿದ್ದ. ನಮ್ಮವು ಸ್ವಲ್ಪ, ಹಟ್ಟಿಯವರು ನಂಬಿ ಕೊಟ್ಟ ಕುರಿಗಳು ಬಹಳ. ಕೊಪ್ಪಳದ ಆಚೆ ಯಾರದೋ ಹೊಲದಲ್ಲಿ ಮಂದೆ ತಂಗಿತ್ತು. ಬೆಳಗಿನ ಜಾವದ ಕಾವಲು ಅಪ್ಪನದು. ಅವನು ತೂಕಡಿಸಿದ ಹೊತ್ತಿಗೆ ಕುರಿಗಳು ಎದ್ದು ರಸ್ತೆಗೆ ಹೋದವು, ಲಾರಿಯೊಂದು ಮಂದೆಯೊಳಗೇ ನುಗ್ಗಿಹೋಯಿತು. ಬೋರಯ್ಯ ಮಾವ ಎದ್ದು ಓಡಿಬಂದಾಗ ಅಪ್ಪ ಸತ್ತ ಕುರಿಗಳ ನಡುವೆ ಕುಳಿತಿದ್ದನಂತೆ, ಸಾಯುತ್ತಿದ್ದ ಒಂದು ಗಬ್ಬದ ಕುರಿಗೆ ತನ್ನ ಕಂಬಳಿ ಹೊದಿಸಿಕೊಂಡು. ಬಿಸಿಲು ಬಂದ ಮೇಲೆ ಎದ್ದು, ಒಂದೀಟು ಕಾಲಾಡಿಸಿಕೊಂಡು ಬರುತ್ತೇನೆ ಎಂದು ಕಾಲುವೆಯ ಕಡೆ ನಡೆದನಂತೆ. ಅಷ್ಟೇ.

ಬೋರಯ್ಯ ಮಾವ ತಂದುಕೊಟ್ಟದ್ದು ಕಂಬಳಿ ಮತ್ತು ಕೋಲು. ಕುರಿಯವನು ಕಂಬಳಿ ಬಿಟ್ಟು ಹೋಗುವುದಿಲ್ಲ, ಕಾಲುವೆಗೇ ಬಿದ್ದಿದ್ದಾನೆ ಎಂದು ಹಟ್ಟಿಯವರೆಲ್ಲ ಅಂದರು. ಅವ್ವ ಮಾತ್ರ ಹೆಣ ನೋಡದೆ ಬಳೆ ತೆಗೆಯುವುದಿಲ್ಲ ಎಂದಳು. ಹನ್ನೆರಡು ವರ್ಷ ಕಾದಳು. ಪ್ರತಿ ವರ್ಷ ಹಿರಿಯರ ಹಬ್ಬ ಬಂದಾಗ ಮನೆಯಲ್ಲಿ ಅದೇ ಪೇಚಾಟ. ತಾತನಿಗೆ, ಅಜ್ಜಿಗೆ, ದೊಡ್ಡಪ್ಪನಿಗೆ ಎಡೆ ಇಡುತ್ತೇವೆ. ಅಪ್ಪನಿಗೆ? ಸತ್ತಿದ್ದು ಎಡೆ ಇಡದಿದ್ದರೆ ಅವನು ಹಸಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ಬದುಕಿದ್ದು ಎಡೆ ಇಟ್ಟರೆ ನಾವೇ ಅವನನ್ನು ಕೊಂದ ಹಾಗೆ. ಪ್ರತಿ ಮಹಾಲಯ ಅಮಾವಾಸ್ಯೆಗೂ ಅವ್ವ ಒಂದು ಎಲೆಯನ್ನು ಹಾಸಿ, ಬಡಿಸದೆ, ಖಾಲಿಯಾಗಿ ಬಿಡುತ್ತಿದ್ದಳು. ಆ ಖಾಲಿ ಎಲೆಯನ್ನು ನಾನು ಎಷ್ಟೋ ಕವಿತೆಗಳ ಅಂಚಿನಲ್ಲಿ ಕಂಡಿದ್ದೇನೆ.

ಹನ್ನೆರಡು ತುಂಬಿದ ಮೇಲೆ ದುರುಗಣ್ಣನವರು, ಹಟ್ಟಿಯ ಯಜಮಾನರಾಗಿ, ಇನ್ನು ಕಾಯುವುದು ಬೇಡ ಎಂದರು. ಬಾಗೂರಿನ ನಮ್ಮ ಹೊಲದಲ್ಲಿ ಗುಂಡಿ ತೋಡಿಸಿದರು. ಅಪ್ಪನ ಕಂಬಳಿಯನ್ನು ಮನುಷ್ಯನಷ್ಟುದ್ದ ಮಡಿಸಿ, ತಲೆಯ ಕಡೆ ರುಮಾಲು, ಪಕ್ಕದಲ್ಲಿ ಕೋಲು ಇಟ್ಟು ಮಲಗಿಸಿದರು. ಮೊದಲ ಹಿಡಿ ಮಣ್ಣು ಹಾಕಿದವನು ನೀನು. ವೇದಾವತಿಯಲ್ಲಿ ಅವ್ವನ ಬಳೆ ತೆಗೆಸಿದರು. ಬರುವಾಗ ದುರುಗಣ್ಣನವರು ನಮ್ಮಿಬ್ಬರನ್ನೂ ಕರೆದು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ಇನ್ನ ಅವನು ಎಲ್ಲವ್ನೋ ಅಲ್ಲೇ ಇರ್ಲಿ. ಮಣ್ಣು ಕೊಟ್ಟ ಮ್ಯಾಲೆ ತಿರುಗಿ ಬಂದು ಹೊಸಿಲು ತುಳಿದ್ರೆ ಗುಂಡಿ ಸುಮ್ನಿರಾದಿಲ್ಲ. ಮಣ್ಣು ಕೊಟ್ಟ ಕೈಯನ್ನೇ ಕೇಳ್ತೈತೆ."

ನೀನು ಆಗ ಬೀಡಿ ಹಚ್ಚಿಕೊಂಡು ನಕ್ಕೆ. ನಾನೂ ನಕ್ಕೆ. ನನ್ನ ಕೈಯಲ್ಲಿ ಎಂ.ಎ. ಪದವಿ ಇತ್ತಲ್ಲ.

ಈಗ ನಗು ಬರುತ್ತಿಲ್ಲ. ನೀನು ಬಿದ್ದದ್ದು ಏಣಿಯ ಕಾಲು ಹಸಿ ಮಣ್ಣಿನಲ್ಲಿ ಜಾರಿದ್ದಕ್ಕೆ, ಅದಕ್ಕೂ ಕಾವ್ಯಶ್ರೀಯ ಫೋನಿಗೂ ಸಂಬಂಧವಿಲ್ಲ. ಇದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವಷ್ಟೇ ಧೈರ್ಯವಾಗಿ ನನಗೂ ಹೇಳಿಕೊಳ್ಳುತ್ತೇನೆ. ಹೇಳಿಕೊಂಡು ಮುಗಿಸುವಷ್ಟರಲ್ಲಿ ಗೇಟಿನ ಚಿಲಕ ಸದ್ದಾಗುತ್ತದೆ, ಎದ್ದು ಕಿಟಕಿಗೆ ಓಡುತ್ತೇನೆ. ಹಾಲಿನವನು. ಕೊರಿಯರಿನವನು. ಒಂದು ದಿನ ಯಾರೋ ವಿಳಾಸ ಕೇಳುತ್ತ ಬಂದ ಮುದುಕ, ಬಿಳಿ ರುಮಾಲಿನವನು. ಬಾಗಿಲು ತೆರೆದವಳು ಹೊಸಿಲಿಗೆ ಅಡ್ಡವಾಗಿ ನಿಂತುಬಿಟ್ಟೆ. ಪಾಪ, ಅವನೇ ಹೆದರಿ, ಮನೆ ತಪ್ಪಿ ಬಂದ್ನೇನೋ ತಾಯಿ, ಎಂದು ಹಿಂದೆ ಸರಿದ. ನಿನ್ನ ನಂಬರಿನಿಂದ ಕರೆ ಬಂದರೆ ಫೋನು ಎತ್ತುವ ಮೊದಲು ಒಮ್ಮೆ ಕಣ್ಣು ಮುಚ್ಚುತ್ತೇನೆ. ಕರೆಯಲ್ಲಿ ನೀನೇ ಮಾತಾಡಿದರೆ ಉಸಿರು ಬರುತ್ತದೆ. ಮೊದಲು ಅನುಷಾಳ ಧ್ವನಿ ಕೇಳಿದರೆ ಗೋಡೆ ಹಿಡಿದುಕೊಳ್ಳುತ್ತೇನೆ. ಕಳೆದ ವಾರ ಅವಳು ಕರೆ ಮಾಡಿದ್ದು ನಿಂಬೆಹಣ್ಣಿನ ಉಪ್ಪಿನಕಾಯಿ ಮಾಡುವುದು ಹೇಗೆಂದು ಕೇಳಲು. ನಾನು ಏನು ಹೇಳಿದೆನೋ ನೆನಪಿಲ್ಲ. ಕೆಟ್ಟಿದ್ದರೆ ಬಿಸಾಡಲು ಹೇಳು.

ಕಣ್ಣ ಮುಂದೆ ಕವಿತೆಯ ಪುಸ್ತಕವಿದೆ. ಎಷ್ಟೋ ವರ್ಷ ನನ್ನನ್ನು ಕಾದ ಸಾಲುಗಳು ಅದರಲ್ಲಿವೆ. ತೆರೆದರೆ ಅಕ್ಷರಗಳೇ ಕಾಣುತ್ತವೆ, ಅರ್ಥ ಒಳಗೆ ಬರುವುದಿಲ್ಲ. ಹೆದರಿದವರ ಮನೆಗೆ ಕವಿತೆ ಬರುವುದಿಲ್ಲ ಎಂದು ಈಗ ತಿಳಿಯಿತು.

ಇನ್ನೊಂದು ಹೇಳಬೇಕು. ಕಾವ್ಯಶ್ರೀ ಆ ಮರದ ಪಕ್ಕದ ಗಾಡಿಯಲ್ಲಿ ಚಹಾ ಕುಡಿದು, ಚಹಾದವನ ನಂಬರಿಗೆ ಫೋನಿನಲ್ಲೇ ದುಡ್ಡು ಹಾಕಿದ್ದಳು. ಆ ನಂಬರು ಇಸಿದುಕೊಂಡೆ. ಬೇರೆ ಏನೋ ನೆಪ ಹೇಳಿದೆ. ಕಾಲೇಜಿನಿಂದ ಕರೆ ಮಾಡಿ, ನಿಮ್ಮ ಕಡೆ ಕುರಿ ಕಾಯುವ ಒಬ್ಬ ವಯಸ್ಸಾದವರು ಇದ್ದಾರೆಯೇ ಎಂದು ಕೇಳಿದೆ.

"ಅದಾನಲ್ರೀ ಅಕ್ಕಾರ. ಕುರಿ ಅಜ್ಜ ಅಂತೀವ್ರಿ ನಾವ. ಭಾಳ ವರ್ಷ ಆತು ಇಲ್ಲೇ ಅದಾನ. ಯಾರ ಆಗಬೇಕ್ರಿ ನಿಮಗ?"

ಯಾರೂ ಆಗಬೇಕಾಗಿಲ್ಲ ಎಂದೆ. ಅಷ್ಟು ಬೇಗ ಅಂದುಬಿಟ್ಟೆ ಹರೀಶ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಕರೆ ಮುಗಿಸಿ ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತೆ. ಎದುರಿಗೆ ಕೋಟೆಯ ಬಂಡೆಗಳು, ಒಂದರ ಮೇಲೊಂದು, ಈಗ ಉರುಳುತ್ತವೇನೋ ಎಂಬ ಹಾಗೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಒಂದೂ ಉರುಳಿಲ್ಲ. ಅವತ್ತು ಮೊದಲ ಸಲ ಆ ಕಿಟಕಿಯಿಂದ ಹಿಂದೆ ಸರಿದು ಕುಳಿತೆ.

ಅವ್ವ ವಿಜಾಪುರ ನೋಡಬೇಕು ಎಂದು ಹಟ ಹಿಡಿದದ್ದು ನೀನು ಬಿದ್ದ ಮಾರನೆಯ ವಾರ. ಹಿರಿಯೂರಿನಿಂದ ಆಚೆಗೆ ಹೋಗಲು ಎಂದೂ ಆಸೆಪಡದವಳು. ಜನ ಎಲ್ಲ ಹೋಗಿ ನೋಡಿಕೊಂಡು ಬರುತ್ತಿದ್ದಾರೆ, ನಾವೂ ಹೋಗಾಣ, ಸಾಯುವುದರೊಳಗೆ ಒಂದು ಊರು ನೋಡಬೇಕು ಎಂದಳು. ಅಪ್ಪನನ್ನು ಕರೆತರಲು ಹೊರಟಿದ್ದಾಳೆ ಎಂದುಕೊಂಡೆ. ನಿಮ್ಮ ಭಾವ ನಕ್ಷೆ ಹರಡಿಕೊಂಡು ಕುಳಿತರು, ಲಾಡ್ಜಿನ ರೂಮು ಹೇಳಿದರು, ಟಾಂಗಾದಲ್ಲಿ ಸುತ್ತೋಣ ಎಂದರು. ಅವರಿಗೆ ಚಿತ್ರದ ವಿಷಯ ಗೊತ್ತಿಲ್ಲ. ಹೇಳಿದರೆ ನೆಟ್ಟಗೆ ಫೋನು ತೆಗೆದು ನಿನಗೆ ಹೇಳುತ್ತಾರೆ, ಆಮೇಲೆ ಅಲ್ಲಿಗೇ ಹೋಗಿ ಮುದುಕನ ಕೈ ಹಿಡಿದು ಬಸ್ಸು ಹತ್ತಿಸುತ್ತಾರೆ. ಅವರು ಹಾಗೆ, ಹೆದರಿಕೆ ಎಂಬುದು ಪುಸ್ತಕದಲ್ಲಿ ರಾಜರಿಗೆ ಬರುವ ವಸ್ತು ಅವರ ಪಾಲಿಗೆ.

ನಿನ್ನೆ ಬೆಳಿಗ್ಗೆ ಅವ್ವನ ಚೀಲಕ್ಕೆ ಸೀರೆ ಇಡಲು ಹೋದೆ. ತಳದಲ್ಲಿ ಕಾಗದ ಸುತ್ತಿದ ಗಟ್ಟಿ ಪೊಟ್ಟಣ ಕೈಗೆ ಸಿಕ್ಕಿತು. ಹಸಿರು ಗಾಜಿನ ಬಳೆ. ಜೊತೆಗೆ ಒಂದು ಚಿಕ್ಕ ಡಬ್ಬಿಯಲ್ಲಿ ಕುಂಕುಮ. ನನಗೆಂದು ತಂದಿರಬೇಕು ಎಂದು ತೊಟ್ಟು ನೋಡಿದೆ, ನನ್ನ ಕೈಗೆ ಹಿಡಿಯಲಿಲ್ಲ. ಅವ್ವನ ಕೈ ನಮ್ಮೆಲ್ಲರ ಕೈಗಿಂತ ಸಣ್ಣದು, ಗೊತ್ತಲ್ಲ.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಸಿಕ್ಕಿಬಿದ್ದ ಹುಡುಗಿಯ ಹಾಗೆ ಮುಖ ಮಾಡಿಕೊಂಡು ಬಂದು ಬಳೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಸೆರಗಿನಿಂದ ಒಂದೊಂದನ್ನೇ ಒರೆಸಿದಳು. ಅಪ್ಪನನ್ನು ಮನೆಗೆ ಕರೆತರಬೇಕೆಂದಿದ್ದೀಯಾ ಎಂದು ಕೇಳಿದೆ.

"ಕರ್ಕಂಡ್ ಬರಾಕಲ್ಲ ಕಣೆ, ಬರಬ್ಯಾಡ ಅಂತ ಹೇಳಾಕೆ ಹೊಂಟಿರಾದು" ಎಂದಳು. "ಅವನೇನಾರ ಕಾಲೆಳ್ಕಂಡು ಒಂದಿನ ಬಂದೇ ಬಿಟ್ರೆ? ನಿನ್ನ ತಮ್ಮ ಕಂಬ ಹತ್ತೋ ಕೆಲ್ಸ ಮಾಡ್ತಾನೆ. ನಾನೇ ಮೊದ್ಲು ಹೋಗಿ ಕಾಲಿಗೆ ಬಿದ್ದು ಹೇಳ್ತೀನಿ, ಅಲ್ಲೇ ಇರಪ್ಪ, ಊರ ಕಡೆ ಮುಖ ಮಾಡಬ್ಯಾಡ ಅಂತ."

ಬಳೆ ಯಾಕೆ ಎಂದೆ.

"ಅಲ್ಲಿ ನಮ್ಮನ್ನ ಯಾರು ನೋಡ್ತಾರೆ? ಬೋಳು ಕೈಯಾಗೆ ಹೋಗಿ ನಿಂತ್ರೆ, ತಾನು ಸತ್ತಿದ್ದು ಅವನಿಗೆ ತಿಳಿಯಲ್ವಾ? ಎರಡು ದಿನ ಇಕ್ಕಂಡಿದ್ದು, ಬರೋವಾಗ ಬಸ್ಸಿನಾಗೆ ತೆಗೆದುಬಿಡ್ತೀನಿ."

ಅಳಲಿಲ್ಲ ಅವಳು. ಬಳೆಗಳನ್ನು ಮತ್ತೆ ಕಾಗದದಲ್ಲಿ ಸುತ್ತಿ, ಒಡೆಯದ ಹಾಗೆ ಟವೆಲ್ಲಿನ ನಡುವೆ ಇಟ್ಟಳು. ನಿಮ್ಮ ಭಾವ ಗೋಳಗುಮ್ಮಟದ ಮೇಲೆ ಕೂಗಿ ಬರುವಷ್ಟರಲ್ಲಿ ನಾನೂ ಅವಳೂ ಒಂದು ಆಟೋ ಹಿಡಿದು ಆ ಬೇವಿನ ಮರದ ಹತ್ತಿರ ಹೋಗಿ ಬರಬೇಕು. ಅವಳು ಮೇಲೆ ಬರುವುದಿಲ್ಲ ಎಂದದ್ದು ಅದಕ್ಕೆ. ಪಿಸುಮಾತನ್ನೂ ಎತ್ತಿ ಎಲ್ಲರಿಗೆ ಕೇಳಿಸುವ ಆ ಗೋಡೆಗಳನ್ನು ಕಂಡರೆ ಅವಳಿಗೆ ಭಯ.

ಇನ್ನು ನನ್ನ ಹೆದರಿಕೆ. ಅದು ನೀನು ಅಂದುಕೊಂಡದ್ದಲ್ಲ. ಅವ್ವ ಆ ಮಾತು ಹೇಳಿದಾಗ, ಕರೆತರಾಕಲ್ಲ ಎಂದಾಗ, ನನಗೆ ಏನಾಯಿತು ಗೊತ್ತೆ? ಹಗುರಾಯಿತು. ಸದ್ಯ, ಎಂದುಕೊಂಡೆ. ಒಬ್ಬ ಮುದುಕ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮ ಹೊಲದ ಬದುವೆಲ್ಲ ಸುತ್ತಿಸಿದವನು, ಯಾವುದೋ ಊರಿನ ಗೋಡೆಯ ಪಕ್ಕ ಪರರ ಮೇಕೆ ಕಾಯುತ್ತ ಸಾಯಲಿ, ನನ್ನ ತಮ್ಮನಿಗೆ ಏನೂ ಆಗದಿರಲಿ ಎಂದು ನಾನು, ದಿನಾ ಮಕ್ಕಳಿಗೆ ಪಾಠ ಹೇಳುವವಳು, ಒಂದು ಗಳಿಗೆ ಪೂರ್ತಿ ನೆಮ್ಮದಿಯಾಗಿದ್ದೆ. ಆ ನೆಮ್ಮದಿಯನ್ನು ನೆನೆದು ಹೆದರಿದ್ದೇನೆ. ಗುಂಡಿ ಯಾರನ್ನೂ ಕೇಳುವುದಿಲ್ಲ, ಮಣ್ಣಿಗೆ ಬಾಯಿಲ್ಲ. ಕೇಳುತ್ತಿರುವವರು ನಾವು. ನಿನ್ನನ್ನು ಉಳಿಸಿಕೊಳ್ಳಲು ಅವನನ್ನು ಇನ್ನೊಮ್ಮೆ ಹೂಳಲು ಹೊರಟಿದ್ದೇವೆ, ಈ ಸಲ ಬದುಕಿರುವಾಗಲೇ. ಇದನ್ನು ಇಷ್ಟು ಚೆನ್ನಾಗಿ ಬರೆಯಬಲ್ಲೆ. ಆದರೂ ಧೈರ್ಯ ಬರುವುದಿಲ್ಲ. ನಾಳೆ ಅವನು ನಮ್ಮ ಹೊಸಿಲು ದಾಟಿ, ಮುಂದಿನ ತಿಂಗಳು ನಿನ್ನ ಏಣಿ ಇನ್ನೊಮ್ಮೆ ಜಾರಿದರೆ, ಅವ್ವ ನನ್ನ ಮುಖ ನೋಡುವ ಆ ನೋಟ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅನುಷಾ ಏನೂ ಅನ್ನಲಾರಳು. ಅದು ಇನ್ನೂ ಕಷ್ಟ.

ಹಾಗಾಗಿ ನಿನ್ನನ್ನು ಒಂದು ಕೇಳುತ್ತೇನೆ. ಇದನ್ನು ನನ್ನೊಬ್ಬಳ ಕೈಯಲ್ಲಿ ನಿರ್ಧರಿಸಲಾಗುವುದಿಲ್ಲ. ಅವ್ವನ ಕೈಯಲ್ಲೂ ಬಿಡಲಾಗುವುದಿಲ್ಲ. ಆಕೆ ತಾಯಿ, ಆಕೆಯ ಲೆಕ್ಕ ಮೊದಲೇ ಮುಗಿದಿದೆ. ಮಣ್ಣು ಹಾಕಿದ ಕೈ ನಿನ್ನದು, ಭಯಪಡಬೇಕಾದವನು ನೀನು, ಭಯವಿಲ್ಲ ಎನ್ನಬೇಕಾದವನೂ ನೀನೇ. ಅನುಷಾಳಿಗೂ ತೋರಿಸು ಈ ಕಾಗದವನ್ನು. ಮೊದಲು ಮುಚ್ಚಿಡು ಎಂದಿದ್ದೆ, ಈಗ ತಪ್ಪು ಅನ್ನಿಸುತ್ತಿದೆ. ಹೆದರುವ ಹಕ್ಕು ನನಗಿಂತ ಅವಳಿಗೆ ಹೆಚ್ಚು.

ಫೋನು ಮಾಡಬೇಡ. ಮಾಡಿದರೆ ನಾನು ಮತ್ತೆ ಬಸ್ಸಿನ ಸಮಯ ಹೇಳುತ್ತೇನೆ. ಶನಿವಾರ ಬೆಳಿಗ್ಗೆ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ನಾವು ಮೂವರು ಇರುತ್ತೇವೆ. ನೀನು ಬಂದರೆ, ಪಟ್ಟಿ ಕಟ್ಟಿದ ಕೈಯಲ್ಲೇ ಬಂದು ನಮ್ಮ ಜೊತೆ ಬಸ್ಸು ಹತ್ತಿದರೆ, ಅಪ್ಪನನ್ನು ಕರೆದುಕೊಂಡು ಬರೋಣ. ಸೋಮವಾರವೇ ಬಾಗೂರಿಗೆ ಹೋಗಿ ಗುಂಡಿಯ ಮೇಲೆ ಪೇರಿಸಿದ ಆ ಕಲ್ಲುಗುಡ್ಡೆ ಬಿಚ್ಚೋಣ, ದುರುಗಣ್ಣನವರು ಕೂಗಾಡಿದರೆ ಕೂಗಾಡಲಿ. ಅವ್ವನ ಬಳೆ ಕೈಯಲ್ಲೇ ಇರಲಿ. ನೀನು ಬರದಿದ್ದರೆ ನನಗೆ ಬೇಸರವಿಲ್ಲ, ನಿಜವಾಗಿ ಹೇಳುತ್ತೇನೆ. ನಾವು ಗೋಳಗುಮ್ಮಟ ನೋಡಿಕೊಂಡು ಬರುತ್ತೇವೆ. ಅದರ ಮುಂದಿನ ಭಾನುವಾರ ಮಹಾಲಯ ಅಮಾವಾಸ್ಯೆ. ಎಂದಿನಂತೆ ಹಿರಿಯರಿಗೆ ಎಡೆ ಇಡೋಣ, ಅಪ್ಪನಿಗೂ. ಈ ವಿಷಯ ಮತ್ತೆ ಯಾರೂ ಎತ್ತುವುದಿಲ್ಲ.

ಬಸ್ಸು ಬೆಂಗಳೂರಿನಿಂದ ಬರುವುದು, ನಿಲ್ದಾಣದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾನು ಹೊಸದುರ್ಗದ ಬಸ್ಸುಗಳು ನಿಲ್ಲುವ ಕಡೆಗೇ ನೋಡುತ್ತಿರುತ್ತೇನೆ. ನೀನು ಬರಲಿ ಎಂದೋ, ಬಾರದಿರಲಿ ಎಂದೋ ನನಗೇ ತಿಳಿಯದು.

ಭುಜ ಜೋಪಾನ. ಹಸಿ ನೆಲದಲ್ಲಿ ಏಣಿ ಊರಬೇಡ.

ನಿನ್ನ ಹೆದರುಪುಕ್ಕಲ ಅಕ್ಕ,
ನೇತ್ರಾವತಿ

ತಾ.ಕ.: ಚಿತ್ರದಲ್ಲಿ ಮುಖ ಮಸುಕಾಗಿದೆ ಎಂದು ಒತ್ತಿ ಬರೆದೆ. ಅದು ನಿಜ. ಆದರೆ ಚಹಾದವನಿಗೆ ನಿನ್ನೆ ಮಧ್ಯಾಹ್ನ ಇನ್ನೊಮ್ಮೆ ಕರೆ ಮಾಡಿದ್ದೆ. ಅಜ್ಜನ ಕೈಗೆ ಫೋನು ಕೊಡಿ ಎಂದೆ. ಅವ್ವನಿಗೆ ಹೇಳಿಲ್ಲ. ನಾನು ನೇತ್ರಾ ಎಂದ ಮೇಲೆ ಬಹಳ ಹೊತ್ತು ಮೇಕೆಗಳ ಸದ್ದು ಮಾತ್ರ ಕೇಳಿಸುತ್ತಿತ್ತು. ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ, ಅವನೇ ಹೇಳಿದ, ಜನ ನಂಬಿ ಕೊಟ್ಟ ಕುರಿ ಕಳ್ಕಂಡೋನು ಯಾವ ಮುಖ ಇಟ್ಕಂಡು ಹಟ್ಟಿಗೆ ಬರ್ಲವ್ವ ಅಂತ. ಹರೀಶ ಹೆಂಗವ್ನೆ ಎಂದು ಕೇಳಿದ. ಚೆನ್ನಾಗಿದ್ದಾನೆ ಎಂದೆ. ಆಮೇಲೆ ಅಳುಕುತ್ತ ಕೇಳಿದ: "ಹಿರೇರ ಹಬ್ಬ ಬಂತಲ್ಲ, ಅಮಾಸೆಗೆ ಬರ್ಲೇನವ್ವ? ಅಪ್ಪ ಅವ್ವಂಗೆ ಎಡೆ ಇಟ್ಟು ಭಾಳ ವರ್ಷ ಆತು." ನಾನು ಉತ್ತರ ಕೊಡಲಿಲ್ಲ. ಫೋನು ಇಡುವ ಮುಂಚೆ ಇನ್ನೊಂದು ಮಾತು ಕೇಳಿದ: "ಇಲ್ಲಿ ರಾತ್ರಿ ಚಳಿ ಕಣವ್ವ. ನನ್ನ ಕಂಬಳಿ ಐತೇನು?"

ಐತೆ ಅಪ್ಪ, ಅಂದೆ.